ಗಯ್ಯಾಳಿ ಅನ್ನುವುದು ಬೈಗುಳವೋ, ಬಿರುದೋ?

ಪ್ರಶ್ನೆ: ನಮ್ಮದು ಚಳ್ಳಕೆರೆ ಕಡೆ. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಹೋದ ತಿಂಗಳು ರೇಷನ್ ಅಂಗಡಿಯಲ್ಲಿ ಅಕ್ಕಿ ತೂಗುವಾಗ, ತಕ್ಕಡಿಯ ನಂಬರ್ ಕಾಣಿಸುವ ಹಾಗೆ ನಮ್ಮ ಕಡೆ ತಿರುಗಿಸಿ ಅಂತ ಕೇಳಿದೆ. ತಿರುಗಿಸಲಿಲ್ಲ. ಇನ್ನೊಂದು ಸಲ ಜೋರಾಗಿ ಕೇಳಿದೆ. ಕ್ಯೂನಲ್ಲಿದ್ದ ಒಬ್ಬರು "ಎಂಥಾ ಗಯ್ಯಾಳಿನಪ್ಪಾ" ಅಂದರು, ಇನ್ನೊಬ್ಬರು "ಬಜಾರಿ" ಅಂದರು. ಎಲ್ಲರೂ ನಕ್ಕರು. ಮನೆಗೆ ಬಂದು ಹೇಳಿದರೆ ನಮ್ಮ ಅತ್ತೆ, "ಅದೇನು ಬೈಗುಳ ಅಲ್ಲ ಬಿಡು, ಬಾಯಿ ಇರೋ ಹೆಂಗಸಿಗೆ ಹಂಗಂತಾರೆ" ಅಂದರು. ಮೈದುನ ಕೆಎಎಸ್‌ಗೆ ಓದುತ್ತಿದ್ದಾನೆ. ಅವನ ಪ್ರಕಾರ ಅದು 'ಗೆಯ್' ಅನ್ನುವ ಹಳಗನ್ನಡದ ಮಾತಿನಿಂದ ಬಂದಿದೆ, ದುಡಿಯುವ ಹೆಂಗಸು ಅಂತ ಅರ್ಥವಂತೆ. ಪಕ್ಕದ ಮನೆ ಮೇಷ್ಟ್ರು ಗಯಾ ಕ್ಷೇತ್ರಕ್ಕೂ ಇದಕ್ಕೂ ಸಂಬಂಧ ಇದೆ ಅಂತಾರೆ. ಯಾವುದು ನಿಜ? ಗಂಡಸರಿಗೆ ಇಂಥ ಪದ ಯಾಕಿಲ್ಲ? ಮತ್ತೆ ಅದೇ ಅಂಗಡಿಗೆ ಹೋಗಬೇಕು, ಯಾರಾದರೂ ಹಾಗೇ ಅಂದರೆ ಏನು ಹೇಳಲಿ? ಹತ್ತನೇ ಕ್ಲಾಸಿನ ಮಗಳು ಇದರ ಮೇಲೆ ಪ್ರಬಂಧ ಬರೆಯುತ್ತೇನೆ ಅಂತ ಕೂತಿದ್ದಾಳೆ. ಗಯ್ಯಾಳಿನೋ ಗೈಯಾಳಿನೋ ಅಂತ ಅವಳದ್ದೂ ಒಂದು ಪ್ರಶ್ನೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಅಂಟಿಕೊಂಡಿವೆ. ಮೊದಲು ಅವನ್ನು ಬಿಡಿಸಿಕೊಳ್ಳೋಣ. ಪದ ಎಲ್ಲಿಂದ ಬಂತು ಅನ್ನುವುದು ಒಂದು. ಅವತ್ತು ನಿಮ್ಮನ್ನು ಹಾಗೆ ಕರೆದದ್ದು ಬೈಗುಳವೋ ಅಲ್ಲವೋ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನಿಘಂಟು, ವ್ಯಾಕರಣ, ಅಕ್ಕಪಕ್ಕದ ಭಾಷೆಗಳು ಉತ್ತರ ಕೊಡುತ್ತವೆ. ಎರಡನೆಯದಕ್ಕೆ ಆ ಕ್ಯೂ ಆಗಲೇ ಉತ್ತರ ಕೊಟ್ಟಿದೆ, ಎಲ್ಲರೂ ನಕ್ಕರಲ್ಲ, ಅದೇ. ನಿಘಂಟಿನ ಕೆಲಸದಲ್ಲಿ ಇದ್ದವನಾದ್ದರಿಂದ ನನಗೆ ಇಂಥ ಪತ್ರಗಳು ಆಗಾಗ ಬರುತ್ತವೆ. ಅವುಗಳಲ್ಲಿ ಬಹುಪಾಲು ಒಂದೇ ದಾರಿ ಹಿಡಿಯುತ್ತವೆ: ಯಾರೋ ಬೈದರು, ಬೇಜಾರಾಯಿತು, ಅಷ್ಟರಲ್ಲಿ ಮನೆಯವರಲ್ಲೊಬ್ಬರು "ಅದರ ಮೂಲ ಅರ್ಥ ಒಳ್ಳೆಯದೇ ಕಣಮ್ಮ" ಅಂತ ಸಮಾಧಾನ ಹೇಳಿದರು. ಮೂಲ ಅರ್ಥ ಒಳ್ಳೆಯದಿದ್ದರೆ ಇವತ್ತಿನ ಬೈಗುಳ ಬೈಗುಳವಲ್ಲ ಅನ್ನುವ ಲೆಕ್ಕ ಅದು. ಆ ಲೆಕ್ಕ ತಪ್ಪು.

ಯಾಕೆ ತಪ್ಪು ಅಂದರೆ, ಪದಗಳು ಹುಟ್ಟಿದ ಕಡೆ ಇರುವುದಿಲ್ಲ. 'ರಾದ್ಧಾಂತ' ಅನ್ನುವ ಮಾತು ನೋಡಿ. ಸಂಸ್ಕೃತದಲ್ಲಿ ಅದು 'ಸಿದ್ಧಾಂತ' ಅನ್ನುವುದರ ಜೋಡಿ ಪದ. ವಾದ ಮಾಡಿ, ಸಾಧಿಸಿ, ಕೊನೆಗೆ ನಿಂತ ತೀರ್ಮಾನ ಅಂತ ಅರ್ಥ. ನಮ್ಮಲ್ಲಿ? "ಮದುವೆ ಮನೆಯಲ್ಲಿ ದೊಡ್ಡ ರಾದ್ಧಾಂತ ಮಾಡಿಬಿಟ್ಟ" ಅಂತೀವಿ. ಪಂಡಿತರ ಚರ್ಚೆ ಹೊರಗಿನಿಂದ ನೋಡಿದವರಿಗೆ ಹೇಗೆ ಕಾಣಿಸುತ್ತಿತ್ತೋ ಏನೋ! ಹಾಗೇ 'ತಕರಾರು'. ಅರಬ್ಬಿಯಲ್ಲಿ ತಕ್ರಾರ್ ಅಂದರೆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದು, ಅಷ್ಟೇ. ಪಾರಸಿ, ಉರ್ದು ದಾಟಿ ನಮ್ಮ ಹತ್ತಿರ ಬರುವಷ್ಟರಲ್ಲಿ ಅದು ಆಕ್ಷೇಪಣೆ, ವ್ಯಾಜ್ಯ ಆಯಿತು. ಈ 'ತಕರಾರು' ಸ್ವಲ್ಪ ನೆನಪಿರಲಿ, ನಿಮ್ಮ ಅಕ್ಕಿಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಈಗ ಗಯ್ಯಾಳಿ.

ಗಯಾ ಕ್ಷೇತ್ರದ್ದು ಮೊದಲು ಮುಗಿಸಿಬಿಡೋಣ. ಸದ್ದು ಸ್ವಲ್ಪ ಹತ್ತಿರ ಇದೆ ಅನ್ನುವುದು ಬಿಟ್ಟರೆ ಅದಕ್ಕೆ ಬೇರೆ ಆಧಾರವೇ ಇಲ್ಲ. ಗಯೆಗೆ ಜನ ಪಿಂಡ ಹಾಕಲು ಹೋಗುತ್ತಾರೆ, ಜಗಳ ಆಡಲಿಕ್ಕಲ್ಲ. ಊರಿನ ಹೆಸರಿಗೆ 'ಆಳಿ' ಸೇರಿಸಿ ಜಗಳಕ್ಕೆ ಒಂದು ಹೆಸರು ಮಾಡುವ ಪದ್ಧತಿಯೂ ಕನ್ನಡದಲ್ಲಿಲ್ಲ.

ನಿಮ್ಮ ಮೈದುನನ ಮಾತು ಹಾಗಲ್ಲ, ಅದರಲ್ಲಿ ಓದು ಇದೆ. 'ಗೆಯ್' ಅಂದರೆ ಮಾಡು, ದುಡಿ. ಹಳಗನ್ನಡದಲ್ಲಿ ಹೇರಳವಾಗಿದೆ, ಇವತ್ತಿಗೂ ಹೊಲದ ಕೆಲಸಕ್ಕೆ 'ಗೆಯ್ಮೆ' ಅನ್ನುವವರಿದ್ದಾರೆ. ಗೆಯ್ ಜೊತೆಗೆ ಆಳಿ ಸೇರಿದರೆ ದುಡಿಯುವವಳು ಅಂತ ಆಗಬಹುದಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ, ಕೇಳಲಿಕ್ಕೂ ಚೆನ್ನಾಗಿದೆ. ಆದರೆ ಒಪ್ಪುವುದು ಕಷ್ಟ. ಮೊದಲನೆಯದಾಗಿ, ಗಯ್ಯಾಳಿ ಅಂದರೆ ದುಡಿಮೆಗಾರ್ತಿ ಅಂತ ಯಾರೂ ಬಳಸುವುದನ್ನು ನಾನು ಓದಿಲ್ಲ, ಕೇಳಿಲ್ಲ. ಎರಡನೆಯದು, ಮತ್ತು ನನಗೆ ಮುಖ್ಯ ಅನ್ನಿಸುವುದು, ಇದೇ ಪದ ಇದೇ ಅರ್ಥದಲ್ಲಿ ತೆಲುಗಿನಲ್ಲೂ ಇದೆ. ಅಲ್ಲಿ 'ಮಾಡು' ಅನ್ನುವುದಕ್ಕೆ 'ಚೇಯು' ಅನ್ನುತ್ತಾರೆ, ನಮ್ಮ 'ಗೆಯ್' ಅವರ ಮಾತಿನಲ್ಲಿಲ್ಲ. ಚಳ್ಳಕೆರೆಯವರಿಗೆ ನಾನು ತೆಲುಗು ಹೇಳಿಕೊಡಬೇಕಾಗಿಲ್ಲ. 'ಗಂಪ ಗಯ್ಯಾಳಿ' ಅನ್ನುವ ಮಾತು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಗಂಪ ಅಂದರೆ ದೊಡ್ಡ ಬುಟ್ಟಿ. ಒಂದು ಬುಟ್ಟಿ ತುಂಬುವಷ್ಟು ಗಯ್ಯಾಳಿತನ ಇರುವವಳು ಅನ್ನುವ ಹಾಗೆ ಕೇಳಿಸುತ್ತದೆ ಅದು.

ಅದೇ ತೆಲುಗಿನಲ್ಲೇ ನಮಗೆ ದಾರಿಯೂ ಸಿಗುತ್ತದೆ. ಅಲ್ಲಿ 'ಗಯ್ಯಿಮನು' ಅನ್ನುವ ಮಾತಿದೆ. ಒಮ್ಮೆಲೇ ಮೇಲೆ ಬಿದ್ದು ಜೋರಾಗಿ ಕೂಗುವುದು. 'ಗಯ್ಯಿಮನಿ ಲೇಚಿಂದಿ' ಅಂದರೆ ನಾವು 'ಗಯ್ ಅಂತ ಮೇಲೆ ಬಿದ್ದಳು' ಅಂದ ಹಾಗೆ. ಇದು ಸದ್ದನ್ನು ಹಿಡಿದು ಮಾಡಿದ ಪದ. ನಮ್ಮ ಗೊಣಗು, ಕಿರುಚು, ಗುರ್ ಅನ್ನು, ಎಲ್ಲ ಇದೇ ಜಾತಿ. ಆ 'ಗಯ್ಯಿ'ಗೆ 'ಆಳಿ' ಸೇರಿದರೆ ಗಯ್ಯಾಳಿ. ಗಯ್ ಅನ್ನುವ ಸ್ವಭಾವದವರು. ಸಿಕ್ಕಿರುವ ವಿವರಣೆಗಳಲ್ಲಿ ಸದ್ದು, ಅರ್ಥ, ಎರಡು ಭಾಷೆಯ ಬಳಕೆ ಮೂರಕ್ಕೂ ಹೊಂದುವುದು ಇದೊಂದೇ. ಅಲ್ಲಿಗೆ ಅದರ ಬೇರಿನಲ್ಲಿ ದುಡಿಮೆಯೂ ಇಲ್ಲ, ತೀರ್ಥಯಾತ್ರೆಯೂ ಇಲ್ಲ. ಗಮನಿಸಿ, ಜಗಳವೂ ಇಲ್ಲ. ಬರೀ ಗಂಟಲು ಇದೆ.

ಇನ್ನು 'ಆಳಿ'. ಇದು ನಾನು ಸ್ವಲ್ಪ ಹೊತ್ತು ನಿಲ್ಲಬೇಕು ಅಂದುಕೊಂಡಿರುವ ಜಾಗ, ಯಾಕೆಂದರೆ ನಿಮ್ಮ 'ಗಂಡಸರಿಗೆ ಯಾಕಿಲ್ಲ' ಅನ್ನುವ ಪ್ರಶ್ನೆಯ ಅರ್ಧ ಉತ್ತರ ಇಲ್ಲಿದೆ. ಶಾಲೆಯಲ್ಲಿ ತದ್ಧಿತ ಪ್ರತ್ಯಯ ಅಂತ ಓದಿಸುತ್ತಾರಲ್ಲ, ನಿಮ್ಮ ಮಗಳ ಪುಸ್ತಕದಲ್ಲೇ ಇರುತ್ತದೆ: ಗಾರ, ಇಗ, ವಂತ, ಗುಳಿ, ಆಳಿ. ಬಳೆಗಾರ, ಕನ್ನಡಿಗ, ಹಣವಂತ, ಲಂಚಗುಳಿ, ಮಾತಾಳಿ. ಈ 'ಆಳಿ'ಗೆ ಹೆಣ್ಣು ಗಂಡು ಅನ್ನುವ ಭೇದವೇ ಇಲ್ಲ. ಜೂಜಾಳಿ ಅಂದರೆ ನಿಮ್ಮ ಕಣ್ಣ ಮುಂದೆ ಬರುವುದು ಇಸ್ಪೀಟು ಹಿಡಿದ ಗಂಡಸೇ. ಮಾತಾಳಿ ಯಾರು ಬೇಕಾದರೂ ಆಗಬಹುದು. ತಮಿಳಿನಲ್ಲಿ ಕಾರ್ಮಿಕನಿಗೆ 'ತೊೞಿಲಾಳಿ' ಅಂತಾರೆ, ಬುದ್ಧಿವಂತನಿಗೆ 'ಅರಿವಾಳಿ' ಅಂತಾರೆ, ಅಲ್ಲೂ ಹೆಣ್ಣಿಗೇ ಅಂತ ಮೀಸಲಿಲ್ಲ. ಹಾಗಾಗಿ ವ್ಯಾಕರಣ ಕೇಳಿದರೆ, ರೇಷನ್ ಅಂಗಡಿಯಲ್ಲಿ ಕೂಗಾಡುವ ಯಾವ ಗಂಡಸನ್ನೂ ಗಯ್ಯಾಳಿ ಅನ್ನಬಹುದು. ಆದರೆ ಯಾರೂ ಅನ್ನುವುದಿಲ್ಲ.

ಏನಾಯಿತು ಅಂದರೆ, ಕನ್ನಡದಲ್ಲಿ ಪದದ ಕೊನೆಗೆ 'ಇ' ಬಂದರೆ ಕಿವಿಗೆ ಹೆಣ್ಣು ಅಂತ ಕೇಳಿಸುತ್ತದೆ. ಅರಸ, ಅರಸಿ. ಬಾಯಿಬಡಕ, ಬಾಯಿಬಡಕಿ. ಜಗಳಗಂಟ, ಜಗಳಗಂಟಿ. ಈ ಜೋಡಿಗಳಲ್ಲಿ 'ಇ' ನಿಜವಾಗಿಯೂ ಹೆಣ್ಣಿನ ಗುರುತು. ಗಯ್ಯಾಳಿಯ 'ಇ' ಹಾಗಲ್ಲ, ಅದು 'ಆಳಿ'ಯ ಬಾಲ. ಆದರೂ ಅದೇ ಸಾಲಿನಲ್ಲಿ ಕೂತುಬಿಟ್ಟಿತು. 'ಗಯ್ಯಾಳ' ಅಂತ ಗಂಡು ರೂಪ ಒಂದು ಹುಟ್ಟಲೇ ಇಲ್ಲ.

ನಿಮ್ಮನ್ನು ಕರೆದ ಎರಡನೇ ಪದವೂ ಹೀಗೇ. ಬಜಾರಿ. ಇದರಲ್ಲಿ ಗುಟ್ಟೇನಿಲ್ಲ, ಪಾರಸಿಯ ಬಾಜಾರ್, ಅದಕ್ಕೆ 'ಈ' ಹತ್ತಿದೆ. ಸರ್ಕಾರದ್ದು ಸರ್ಕಾರಿ, ದರ್ಬಾರಿನದ್ದು ದರ್ಬಾರಿ, ಬಜಾರಿನದ್ದು ಬಜಾರಿ. ಪಾರಸಿಯ ಆ 'ಈ'ಗೂ ಹೆಣ್ಣಿಗೂ ಸಂಬಂಧವೇ ಇಲ್ಲ. ಇರಾನಿನಲ್ಲಿ ಇವತ್ತಿಗೂ ಬಾಜಾರಿ ಅಂದರೆ ಪೇಟೆಯ ವ್ಯಾಪಾರಿ, ಗೌರವದ ಮಾತು. 1979ರ ಕ್ರಾಂತಿಯಲ್ಲಿ ಟೆಹರಾನಿನ ಬಾಜಾರಿಗಳ ಪಾತ್ರ ದೊಡ್ಡದಿತ್ತು ಅಂತ ಚರಿತ್ರೆ ಓದಿದವರಿಗೆ ಗೊತ್ತು. ಅದೇ ಪದ ಹಿಂದಿ-ಉರ್ದುವಿಗೆ ಬಂದಾಗ ಬಣ್ಣ ಬದಲಾಯಿತು, ಹೆಣ್ಣಿನ ಜೊತೆ ಸೇರಿದರೆ ತೀರಾ ಕೀಳು ಅರ್ಥ ಬಂತು. ಕನ್ನಡದಲ್ಲಿ ಅಷ್ಟು ಕೆಳಗಿಳಿಯಲಿಲ್ಲ, ನಾಚಿಕೆ ಬಿಟ್ಟು ಜಗಳಾಡುವವಳು ಅನ್ನುವಲ್ಲಿ ನಿಂತಿತು. ಸಂತೆಯಲ್ಲಿ ಕೂತು ಗಂಟಲು ಹರಿದುಕೊಂಡು ಸೊಪ್ಪು ಮಾರುವ ಹೆಂಗಸಿನ ದನಿಯನ್ನು ಮನೆಯೊಳಗಿನ ಹೆಂಗಸಿಗೆ ಹೊರಿಸಿದರೆ ಬಜಾರಿ. ನೀವು ಯಾವುದು ಹೆಚ್ಚು ಕೆಟ್ಟದ್ದು ಅಂತ ಕೇಳಿಲ್ಲ, ಆದರೂ ಹೇಳುತ್ತೇನೆ, ನನ್ನ ಕಿವಿಗೆ ಬಜಾರಿಯೇ ಕೆಟ್ಟದ್ದು. ಗಯ್ಯಾಳಿ ಅಂದಾಗ ನಿಮ್ಮ ದನಿಯನ್ನು ಆಡಿಕೊಳ್ಳುತ್ತಾರೆ. ಬಜಾರಿ ಅಂದಾಗ ನಿಮಗೆ ಆ ಜಾಗದಲ್ಲಿ ನಿಲ್ಲುವ ಮರ್ಯಾದೆಯೇ ಇಲ್ಲ ಅಂತ ಹೇಳುತ್ತಾರೆ.

ಚಂಡಿ ಇನ್ನೊಂದು. ಇದು ಮಾತ್ರ ಹುಟ್ಟಿನಿಂದಲೇ ಹೆಣ್ಣು: ಸಂಸ್ಕೃತದಲ್ಲಿ ಉಗ್ರಳಾದವಳು, ದುರ್ಗೆಯ ಹೆಸರು. ಗುಡಿಯಲ್ಲಿ ಕೈ ಮುಗಿಯುವ ಹೆಸರನ್ನೇ ಹಟ ಮಾಡುವ ಹುಡುಗಿಗೆ ಇಟ್ಟು "ಚಂಡಿ ಹಿಡೀಬೇಡ" ಅಂತೀವಿ. (ಕರಾವಳಿಗೆ ಹೋಗಿ ಚಂಡಿ ಅಂದರೆ ಒದ್ದೆ ಅಂತ ಅರ್ಥ ಮಾಡಿಕೊಳ್ಳುತ್ತಾರೆ. ಮಳೆಯಲ್ಲಿ ನೆನೆದವನನ್ನು "ಚಂಡಿ ಆಯ್ತಾ" ಅಂತ ಕೇಳುತ್ತಾರೆ, ಘಟ್ಟದ ಮೇಲಿನವರು ಗಾಬರಿ ಆಗಬೇಡಿ.) ಚಂಡಿಯ ಹೆಸರಿಗೆ ಹಳೆಯ ಕಥೆಯೂ ಒಂದಿದೆ, ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬರುತ್ತದೆ. ಉದ್ದಾಲಕ ಮುನಿಯ ಹೆಂಡತಿ ಚಂಡಿ. ಗಂಡ ಏನು ಹೇಳಿದರೂ ಅದರ ಉಲ್ಟಾ ಮಾಡುವವಳು. ಬೇಕಾದ್ದು ಆಗಬೇಕಾದರೆ ಬೇಡ ಅನ್ನು ಅಂತ ಅವನಿಗೆ ಒಬ್ಬರು ಉಪಾಯ ಹೇಳಿಕೊಡುತ್ತಾರೆ. ಅಪ್ಪನ ಶ್ರಾದ್ಧ ಮಾಡುವುದು ಬೇಡ ಅಂತಾನೆ, ಅವಳು ಮಾಡೇ ಮಾಡುತ್ತೇನೆ ಅಂತ ಎಲ್ಲ ಚೆನ್ನಾಗಿ ನಡೆಸುತ್ತಾಳೆ. ಕೊನೆಗೆ ಮೈಮರೆತು, ಪಿಂಡವನ್ನು ನೀರಿಗೆ ಬಿಡು ಅಂತ ನೇರವಾಗಿ ಹೇಳಿಬಿಡುತ್ತಾನೆ. ಅವಳು ತಿಪ್ಪೆಗೆ ಎಸೆಯುತ್ತಾಳೆ. ಕಲ್ಲಾಗು ಅಂತ ಶಾಪ. ಮುಂದೆ ಪಾಂಡವರ ಯಾಗದ ಕುದುರೆ ಆ ಬಂಡೆಗೆ ಅಂಟಿಕೊಂಡು ನಿಲ್ಲುತ್ತದೆ, ಅರ್ಜುನ ಮುಟ್ಟಿದಾಗ ಶಾಪ ಕಳೆಯುತ್ತದೆ. ಕಥೆ ಕೇಳುವಾಗ ನಗು ಬರುತ್ತದೆ, ನಿಜ. ಆದರೆ ಎದುರು ಮಾತಾಡುವ ಹೆಂಗಸಿಗೆ ಕೊಟ್ಟ ಶಿಕ್ಷೆ ಯಾವುದು ನೋಡಿ: ಮಾತೇ ಬಾರದ ಕಲ್ಲು.

ಅದೇ ಪುರಾಣಗಳಲ್ಲಿ ಊರೂರು ತಿರುಗಿ, ಅವರ ಮಾತು ಇವರಿಗೆ ಇವರ ಮಾತು ಅವರಿಗೆ ಹೇಳಿ ಜಗಳ ಹಚ್ಚುವವರು ಒಬ್ಬರಿದ್ದಾರೆ. ಅವರಿಗೆ 'ಕಲಹಪ್ರಿಯ' ಅನ್ನುವ ಬಿರುದು, ಕೈಯಲ್ಲಿ ವೀಣೆ, ಹೋದಲ್ಲೆಲ್ಲ ಅರ್ಘ್ಯ ಪಾದ್ಯ. ನಾರದರು ಮಾಡಿದ್ದು ಲೋಕಕಲ್ಯಾಣಕ್ಕೆ ಅಂತ ಯಕ್ಷಗಾನದ ಅರ್ಥಧಾರಿಗಳು ರಾತ್ರಿಯಿಡೀ ವಾದಿಸಬಲ್ಲರು.

ಹಾಗಾದರೆ ಗಂಡಸರಿಗೆ ಪದವೇ ಇಲ್ಲವಾ? ಇದೆ. ಜಗಳಗಂಟ ಇದೆ. ತಂಟೆಕೋರ ಇದೆ. ತಂಟೆ ಮರಾಠಿಯಲ್ಲಿ 'ತಂಟಾ', ವ್ಯಾಜ್ಯ ಅಂತ ಅರ್ಥ. ಮಹಾರಾಷ್ಟ್ರ ಸರ್ಕಾರ 2007ರಲ್ಲಿ ಹಳ್ಳಿಯ ವ್ಯಾಜ್ಯಗಳನ್ನು ಹಳ್ಳಿಯಲ್ಲೇ ಬಗೆಹರಿಸಲು ಒಂದು ಯೋಜನೆ ತಂದಾಗ ಅದಕ್ಕೆ 'ತಂಟಾಮುಕ್ತ ಗಾಂವ್' ಅಂತಲೇ ಹೆಸರಿಟ್ಟಿತ್ತು. 'ಕೋರ' ಪಾರಸಿಯ ಖೋರ್, ತಿನ್ನುವವನು. ಲಂಚಕೋರ ಲಂಚ ತಿನ್ನುತ್ತಾನೆ, ಬಡ್ಡಿಕೋರ ಬಡ್ಡಿ ತಿನ್ನುತ್ತಾನೆ, ತಂಟೆಕೋರ ತಂಟೆಯನ್ನೇ ತಿಂದು ಬದುಕುತ್ತಾನೆ. ಪುಂಡ, ಪೋಕರಿ, ರೌಡಿ ಎಲ್ಲ ಇವೆ. ಈ ಪೋಕರಿ, ರೌಡಿ ಎರಡೂ 'ಇ'ಯಲ್ಲೇ ಮುಗಿಯುತ್ತವೆ, ಆದರೂ ಗಂಡು ಹುಡುಗರ ತಲೆ ಬಿಟ್ಟು ಕದಲಿಲ್ಲ. ಅಂದರೆ ಬರೀ 'ಇ' ಮೇಲೆ ತಪ್ಪು ಹೊರಿಸಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಅಕ್ಷರ ಒಂದು ನೆಪ ಕೊಟ್ಟಿತು, ಉಳಿದದ್ದು ಆಡುವವರ ಕೆಲಸ.

ಗಂಡಸಿನ ಪದಗಳನ್ನೂ ಹೆಂಗಸಿನ ಪದಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ವ್ಯತ್ಯಾಸ ಕಾಣುತ್ತದೆ. ತಂಟೆಕೋರ, ಪುಂಡ ಅನ್ನಿಸಿಕೊಳ್ಳಬೇಕಾದರೆ ಗಂಡಸು ಏನಾದರೂ ಮಾಡಿರಬೇಕು: ಬೇಲಿ ಕಿತ್ತಿರಬೇಕು, ಹೊಡೆದಿರಬೇಕು, ಕೇಸು ಹಾಕಿರಬೇಕು. ಗಯ್ಯಾಳಿ, ಬಜಾರಿ ಅನ್ನಿಸಿಕೊಳ್ಳಲು ಹೆಂಗಸು ಜೋರಾಗಿ ಮಾತಾಡಿದರೆ ಸಾಕು, ಅದೂ ನಾಲ್ಕು ಜನರ ಎದುರು. ಹೆಂಗಸಿನ ವಿಷಯದಲ್ಲಿ ತಪ್ಪು ಅಂತ ಎಣಿಸುವುದು ಜಗಳವನ್ನಲ್ಲ, ಜಗಳ ನಡೆದ ಜಾಗವನ್ನು, ದನಿಯನ್ನು. 'ಗಂಡುಬೀರಿ' ಅನ್ನುವ ಪದವನ್ನು ಬಿಡಿಸಿದರೆ ಇದು ಇನ್ನೂ ಸ್ಪಷ್ಟ. ವೀರ ಅನ್ನುವುದೇ ಬೀರ, ಬೀರನ ಹೆಣ್ಣು ರೂಪ ಬೀರಿ. ಇರುವುದು ಎರಡು ಮಾತು, ಗಂಡು ಮತ್ತು ವೀರ. ಎರಡೂ ಗಂಡಸಿಗೆ ಹೊಗಳಿಕೆ. ಹೆಂಗಸಿಗೆ ಹಚ್ಚಿದ ತಕ್ಷಣ ಬೈಗುಳ.

ಜಾಗದ ಮಾತು ಬಂತಲ್ಲ, 'ರಚ್ಚೆ'ಯನ್ನೂ ಹೇಳಿಬಿಡುತ್ತೇನೆ. ಮಗು ರಚ್ಚೆ ಹಿಡಿಯಿತು ಅಂತೀವಿ. ಸಂಸ್ಕೃತದ ರಥ್ಯಾ, ಬೀದಿ ಅಂತ ಅರ್ಥ, ಅದು ಪ್ರಾಕೃತದಲ್ಲಿ ರಚ್ಛಾ ಆಗಿ ನಮಗೆ ರಚ್ಚೆ ಆಯಿತು. ಹಳ್ಳಿಯಲ್ಲಿ ಮರದ ಕೆಳಗೆ ಕಟ್ಟೆ ಕಟ್ಟಿ ನ್ಯಾಯ ಪಂಚಾಯ್ತಿ ಮಾಡುತ್ತಿದ್ದ ಜಾಗ ರಚ್ಚೆಕಟ್ಟೆ, ತೆಲುಗಿನವರ ರಚ್ಚಬಂಡ. ಮನೆಯ ವಿಷಯ ಅಲ್ಲಿಗೆ ಹೋದರೆ 'ರಚ್ಚೆಗೆ ಎಳೆದ' ಅನ್ನುತ್ತಿದ್ದರು. ನ್ಯಾಯ ಕೇಳುವ ಜಾಗದ ಹೆಸರು ಕೊನೆಗೆ ಗಲಾಟೆಯ ಹೆಸರಾಯಿತು. ಕಟ್ಟೆ ಮೇಲೆ ಕೂತವರಿಗೆ ಅದು ನ್ಯಾಯ, ಮನೆ ಮರ್ಯಾದೆ ಹೋಯಿತು ಅಂದುಕೊಂಡವರಿಗೆ ಅದು ರಚ್ಚೆ.

ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ಅವರು ಹೇಳಿದ್ದನ್ನು ಸುಮ್ನೆ ತಳ್ಳಿಹಾಕಬೇಡಿ. ಮೈದುನನ ಮೂಲ ತಪ್ಪು, ಅತ್ತೆಯವರ ಬಳಕೆ ನಿಜ. ಹೆಂಗಸರು ತಮ್ಮ ತಮ್ಮಲ್ಲಿ ಈ ಪದವನ್ನು ಮೆಚ್ಚುಗೆಯಿಂದ ಆಡುವುದುಂಟು. "ಅವಳು ಗಯ್ಯಾಳಿ ಕಣೇ, ಅವಳನ್ನ ಯಾರೂ ಮೋಸ ಮಾಡಕ್ಕಾಗಲ್ಲ" ಅಂತ. ತೆಲುಗು ಸಿನಿಮಾದಲ್ಲಿ ನಟಿ ಸೂರ್ಯಕಾಂತಮ್ಮ ಗಯ್ಯಾಳಿ ಅತ್ತೆಯ ಪಾತ್ರಗಳಿಂದಲೇ ಮನೆಮಾತಾದರು. 1962ರ ಗುಂಡಮ್ಮ ಕಥೆಯಲ್ಲಿ ಅವರನ್ನು ಜನ ಬೈದುಕೊಂಡೇ ಪ್ರೀತಿಸಿದರು. ಅಂದಹಾಗೆ ಆ ಗುಂಡಮ್ಮ ನಮ್ಮವಳೇ, 1958ರ ಕನ್ನಡ ಚಿತ್ರ ಮನೆ ತುಂಬಿದ ಹೆಣ್ಣು ಆ ಸಿನಿಮಾಕ್ಕೆ ಮೂಲ. ಗುಂಡಮ್ಮ ಅನ್ನುವ ಹೆಸರೂ ಇಲ್ಲಿಂದಲೇ ಹೋದದ್ದು. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಕಿರಗೂರಿನ ಗಯ್ಯಾಳಿಗಳು ಬಂದ ಮೇಲೆ, ಅದು 2016ರಲ್ಲಿ ಸಿನಿಮಾ ಆದ ಮೇಲೆ, ಈ ಪದ ಕೇಳಿದರೆ ಓದುವ ಜನಕ್ಕೆ ಊರಿನ ಗಂಡಸರ ಎದುರು ಸೆರಗು ಕಟ್ಟಿ ನಿಂತ ಹೆಂಗಸರ ಗುಂಪು ನೆನಪಾಗುತ್ತದೆ. ಪದದ ಬಣ್ಣ ಒಂದಿಷ್ಟು ಬದಲಾಗಿದೆ ಅನ್ನುವುದು ಸುಳ್ಳಲ್ಲ. ಆದರೆ ಯಾರು, ಯಾರಿಗೆ, ಎಲ್ಲಿ ಅಂದರು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅತ್ತೆ ಅಡುಗೆಮನೆಯಲ್ಲಿ ಅಂದದ್ದೂ, ಮುಖ ಗೊತ್ತಿಲ್ಲದವರು ಕ್ಯೂನಲ್ಲಿ ಅಂದದ್ದೂ ಒಂದೇ ಆಗುವುದಿಲ್ಲ.

ಈಗ ಅಂಗಡಿಗೆ ಹೋಗೋಣ. ನೀವು ಕೇಳಿದ್ದು ತೂಕ. ಅವರು ಉತ್ತರ ಕೊಟ್ಟದ್ದು ನಿಮ್ಮ ದನಿಗೆ. ಇಂಥ ಪದಗಳಿಗೆ ಇರುವ ನಿಜವಾದ ಕೆಲಸ ಇದೇ, ವಿಷಯ ಬದಲಾಯಿಸುವುದು. ಒಂದು ಗಳಿಗೆ ಮೊದಲು ಎಲ್ಲರ ಕಣ್ಣು ತಕ್ಕಡಿ ಮೇಲಿತ್ತು, ಆ ಪದ ಬಿದ್ದ ಮೇಲೆ ನಿಮ್ಮ ಮೇಲೆ ಬಂತು. ಏನು ಮಾಡಬೇಕು ಅಂತ ಯೋಚಿಸುವಾಗ ಇದೊಂದು ತಲೆಯಲ್ಲಿರಲಿ.

ಕೇಳಿಸಿಕೊಳ್ಳದ ಹಾಗೆ ಇದ್ದು, ಅದೇ ಮಾತನ್ನು ಅದೇ ದನಿಯಲ್ಲಿ ಮತ್ತೆ ಕೇಳಬಹುದು: "ನಂಬರ್ ಈ ಕಡೆ ತಿರುಗಿಸಿ." ಇನ್ನೊಂದು ಮಾತು ಸೇರಿಸಬೇಡಿ. ಬಹಳ ಸಲ ಇದೇ ಸಾಕಾಗುತ್ತದೆ, ಯಾಕೆಂದರೆ ಮತ್ತೆ ವಿಷಯ ತಕ್ಕಡಿಗೆ ಬರುತ್ತದೆ. ಇದರ ಅಪಾಯ ಒಂದೇ, ಸಣ್ಣ ಊರಿನಲ್ಲಿ ಉತ್ತರ ಕೊಡದ ಪದ ಅಡ್ಡಹೆಸರಾಗಿ ಅಂಟಿಕೊಳ್ಳಬಹುದು. ಟೈಲರ್ ಅಕ್ಕ ಹೋಗಿ ಗಯ್ಯಾಳಿ ಅಕ್ಕ ಆದರೆ ನಿಮ್ಮ ಮಗಳು ಶಾಲೆಯಲ್ಲಿ ಅದನ್ನು ಕೇಳಿಸಿಕೊಳ್ಳಬೇಕಾಗುತ್ತದೆ.

ಇಲ್ಲ, ಪದವನ್ನೇ ಎತ್ತಿಕೊಂಡು "ಹೌದು, ಗಯ್ಯಾಳಿನೇ. ತೂಕ ಎಷ್ಟು?" ಅನ್ನಬಹುದು. ನಗುವವರ ಬಾಯಿ ಮುಚ್ಚುತ್ತದೆ, ಕೆಲವರು ನಿಮ್ಮ ಕಡೆಯೂ ಬರುತ್ತಾರೆ. ಇದನ್ನು ಬಳಸುವವರು ಈಗ ಜಾಸ್ತಿ ಆಗಿದ್ದಾರೆ, ಟೀ ಶರ್ಟ್ ಮೇಲೆ ಹಾಕಿಸಿಕೊಂಡರೂ ಆಶ್ಚರ್ಯವಿಲ್ಲ. ಆದರೆ ಇದು ಎಲ್ಲರಿಗೂ ಒಗ್ಗುವುದಿಲ್ಲ. ನಗುತ್ತಾ ಹೇಳಲು ಆಗುವವರಿಗೆ ಮಾತ್ರ. ಗಂಟಲು ಕಟ್ಟಿದ ಹೊತ್ತಿನಲ್ಲಿ ಹೇಳಲು ಹೋದರೆ ಅರ್ಧಕ್ಕೆ ಅಳು ಬರುತ್ತದೆ, ಆಮೇಲೆ ಅದೂ ನಗೆಪಾಟಲು. ಜೊತೆಗೆ, ಬಜಾರಿ ಅನ್ನುವ ಪದದ ಜೊತೆ ಈ ಆಟ ಆಡಬೇಡಿ ಅಂತ ನಾನು ಹೇಳುತ್ತೇನೆ. ಹಿಂದಿ-ಉರ್ದು ಬಲ್ಲವರಿಗೆ ಅದರ ಅರ್ಥ ಬೇರೆ.

ಅಲ್ಲೇ ನಿಂತು ಅಂದವರನ್ನು ಕೇಳಬಹುದು: "ಯಾಕೆ ಹಾಗಂದಿರಿ?" ಕೆಲವರು ತಬ್ಬಿಬ್ಬಾಗಿ "ತಮಾಷೆಗೆ ಅಂದದ್ದು ಬಿಡಮ್ಮ" ಅಂತಾರೆ. ಕೆಲವರು ಇನ್ನೆರಡು ಪದ ಸೇರಿಸುತ್ತಾರೆ, ಆಗ ನಿಜವಾಗಿಯೂ ಜಗಳ ಆಗುತ್ತದೆ, ಅಂಗಡಿಯವರು ಆರಾಮಾಗಿ ತೂಗಿ ಕಳಿಸುತ್ತಾರೆ. ಇನ್ನು ಪೊಲೀಸ್ ಕಂಪ್ಲೇಂಟು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೇಕಂತಲೇ ಅವಮಾನ ಮಾಡಿ ಕೆರಳಿಸುವುದಕ್ಕೆ 352ನೇ ಕಲಂ ಇದೆ, ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ 79ನೇ ಕಲಂ ಇದೆ. ಕ್ಯೂನಲ್ಲಿ ಬಿದ್ದ ಒಂದು ಪದ ಅಷ್ಟು ದೂರ ಹೋಗುತ್ತದೆಯೇ ಅನ್ನುವುದನ್ನು ವಕೀಲರು ಹೇಳಬೇಕು. ನನ್ನಂಥವನನ್ನು ಕರೆದು ಪದದ ಅರ್ಥ ಕೇಳಿದರೆ, ಮೇಲೆ ಹೇಳಿದ್ದನ್ನೆಲ್ಲ ಹೇಳಬೇಕಾಗುತ್ತದೆ, ಆಗ ಎದುರಿನವರು "ನೋಡಿ, ಹೊಗಳಿಕೆಗೂ ಬಳಸುತ್ತಾರಂತೆ" ಅಂತ ಹಿಡಿದುಕೊಳ್ಳುತ್ತಾರೆ. ಒಮ್ಮೆ ಅಂದದ್ದಕ್ಕೆ ಈ ದಾರಿ ಬೇಡ. ಅದೇ ಜನ ದಿನಾ ಹಿಂದೆ ಬಿದ್ದು ಅಂದರೆ, ಬೆದರಿಸಿದರೆ, ಆಗ ಮಾತು ಬೇರೆ.

ನನಗೆ ಸರಿ ಅನ್ನಿಸುವುದು ಆಗ ಹೇಳಿದ 'ತಕರಾರು'. ಜಮೀನಿನ ಖಾತೆ ಬದಲಾವಣೆಗೆ ಆಕ್ಷೇಪಣೆ ಇದ್ದರೆ ತಾಲ್ಲೂಕು ಆಫೀಸಿನಲ್ಲಿ ಕೊಡುವುದು ತಕರಾರು ಅರ್ಜಿ. ಹಾಗೆ ಅರ್ಜಿ ಕೊಟ್ಟವರನ್ನು ಯಾರೂ ಗಯ್ಯಾಳಿ ಅನ್ನುವುದಿಲ್ಲ, ಅರ್ಜಿದಾರರು ಅನ್ನುತ್ತಾರೆ. ಅದೇ ಮಾತು, ಅದೇ ಸಿಟ್ಟು, ಕಾಗದದ ಮೇಲೆ ಬಂದಾಗ ಮರ್ಯಾದೆ ಬರುತ್ತದೆ. ಅನ್ಯಾಯ ಅನ್ನಿಸಿದರೂ ಉಪಯೋಗಕ್ಕೆ ಬರುವಂಥದ್ದು. ತೂಕದ ಬಗ್ಗೆ ಆಹಾರ ಇಲಾಖೆಯ 1967 ಸಹಾಯವಾಣಿಗೆ ಹೇಳಬಹುದು, ತಾಲ್ಲೂಕಿನ ಆಹಾರ ನಿರೀಕ್ಷಕರಿಗೆ ಬರೆದುಕೊಡಬಹುದು. ತಕ್ಕಡಿಗೆ ಕಾನೂನು ಮಾಪನಶಾಸ್ತ್ರ (ತೂಕ ಮತ್ತು ಅಳತೆ) ಇಲಾಖೆಯ ಮುದ್ರೆ ಇರಬೇಕು, ಅದು ಇದೆಯೇ ಅಂತಲೂ ಕೇಳಬಹುದು. ತಾರೀಖು, ಎಷ್ಟು ಕೆಜಿ ಕೊಡಬೇಕಿತ್ತು, ಮನೆಗೆ ಬಂದು ತೂಗಿದಾಗ ಎಷ್ಟಿತ್ತು, ಇಷ್ಟೇ ಬರೆಯಿರಿ. ಯಾರು ಏನಂದರು ಅನ್ನುವುದನ್ನು ಅದರಲ್ಲಿ ಸೇರಿಸಬೇಡಿ, ಸೇರಿಸಿದರೆ ಓದುವವರು ಅದನ್ನೇ ಹಿಡಿದುಕೊಳ್ಳುತ್ತಾರೆ. ಅಪಾಯ ಇದರಲ್ಲೂ ಇದೆ. ಊರಿಗೆ ಒಂದೇ ಅಂಗಡಿ, ಮುಂದಿನ ತಿಂಗಳೂ ಅವರ ಮುಂದೆಯೇ ನಿಲ್ಲಬೇಕು. ಅದಕ್ಕೆ ಕ್ಯೂನಲ್ಲಿ ಇದ್ದ ಇನ್ನಿಬ್ಬರು ಮೂವರು ಹೆಂಗಸರ ಸಹಿ ಹಾಕಿಸಿ. ನಕ್ಕವರಲ್ಲೂ ಅಕ್ಕಿ ಕಡಿಮೆ ಬಂದವರು ಇದ್ದೇ ಇರುತ್ತಾರೆ.

ಇನ್ನು ಮಗಳ ಪ್ರಬಂಧ. ಬರೆಯಲಿ, ಒಳ್ಳೆಯ ವಿಷಯ. ಚಿಕ್ಕಪ್ಪ ಹೇಳಿದ್ದನ್ನೂ ಬರೆಯಲಿ, ಅದು ಯಾಕೆ ಹೊಂದುವುದಿಲ್ಲ ಅಂತಲೂ ಬರೆಯಲಿ, ಬರೀ ಅಂತಿಮ ಉತ್ತರ ಬರೆದರೆ ಪ್ರಬಂಧ ಎರಡು ಸಾಲಿಗೆ ಮುಗಿದುಹೋಗುತ್ತದೆ. ಅಜ್ಜಿಯನ್ನು ಕೂರಿಸಿಕೊಂಡು, ನಿಮ್ಮ ಕಾಲದಲ್ಲಿ ಯಾರನ್ನು ಗಯ್ಯಾಳಿ ಅನ್ನುತ್ತಿದ್ದರು, ಅವರು ಏನು ಮಾಡಿದ್ದರು ಅಂತ ಕೇಳಿ ಬರೆದುಕೊಳ್ಳಲಿ. ನಿಘಂಟಿನ ಚೀಟಿಗಳಲ್ಲಿ ನಮಗೆ ಬೇಕಾಗುತ್ತಿದ್ದದ್ದೂ ಅದೇ: ಪದ, ಅದು ಬಂದ ಇಡೀ ವಾಕ್ಯ, ಹೇಳಿದವರು ಯಾವ ಊರಿನವರು. ಅಕ್ಷರ 'ಗಯ್ಯಾಳಿ' ಅಂತಲೇ ಇರಲಿ, ಯಕಾರಕ್ಕೆ ಯ ಒತ್ತು. 'ಗೈಯಾಳಿ' ಅಂತ ಬರೆದರೆ ಓದಿದವರು ಮತ್ತೆ 'ಗೆಯ್'ಗೇ ಹೋಗುತ್ತಾರೆ. ಹಾಗೆ ಇರುವವರ ಗುಣಕ್ಕೆ 'ಗಯ್ಯಾಳಿತನ' ಅಂತ ಬರೆಯಬಹುದು.